ಹೋಟೆಲ್ ಹೆಸರು ನೋಡದೆ ರೂಮು ಕೊಳ್ಳುವುದು ಹೇಗೆ?

ಮಕ್ಕಳು ಅಮೆರಿಕದಲ್ಲಿದ್ದರೆ ಹುಬ್ಬಳ್ಳಿ-ಧಾರವಾಡದ ಅಪ್ಪ-ಅವ್ವ ಒಮ್ಮೆಯಾದರೂ ಹೋಗಿ ಬರುತ್ತಾರೆ. ಉಳಿಯಲು ಮಕ್ಕಳ ಮನೆ ಇದೆ, ಚಿಂತೆಯಿಲ್ಲ. ನ್ಯೂಯಾರ್ಕ್, ನಯಾಗರ, ಲಾಸ್ ವೇಗಸ್ ಅಂತ ತಿರುಗಾಡಲು ಹೊರಟಾಗ ಮಾತ್ರ ಹೋಟೆಲ್ ರೇಟು ನೋಡಿ ಎದೆ ಧಸಕ್ ಅನ್ನುತ್ತದೆ.

ದುರ್ಗದಬೈಲಿನಲ್ಲಿ ಚೌಕಾಸಿ ಮಾಡುವ ಹಾಗೆ ಅಲ್ಲೂ ಒಂದು ವ್ಯವಸ್ಥೆ ಇತ್ತು. 1998ರಲ್ಲಿ ಶುರುವಾದ ಬುಕಿಂಗ್ ವೆಬ್‌ಸೈಟ್ ಪ್ರೈಸ್‌ಲೈನ್‌ನಲ್ಲಿ ಏರಿಯಾ, ಸ್ಟಾರ್ ಆರಿಸಿ ನಮ್ಮ ರೇಟು ನಾವೇ ಹೇಳಬಹುದಿತ್ತು. ಯಾವುದಾದರೂ ಹೋಟೆಲ್ ಒಪ್ಪಿದರೆ ಕಾರ್ಡಿನಿಂದ ದುಡ್ಡು ಆಗಲೇ ಕಟ್. ಆ ಬಿಡ್ಡಿಂಗ್ ಈಗ ನಿಂತಿದೆ, ಸುಮ್ನೆ ಹುಡುಕಬೇಡಿ. ಉಳಿದಿರುವುದು ಅಲ್ಲಿಯದೇ 'ಎಕ್ಸ್‌ಪ್ರೆಸ್ ಡೀಲ್' ಮತ್ತು ಅಂಥದೇ ಇನ್ನೊಂದು ವೆಬ್‌ಸೈಟ್ ಹಾಟ್‌ವೈರ್‌ನ 'ಹಾಟ್ ರೇಟ್'. ರೇಟು ತೋರಿಸುತ್ತಾರೆ, ದುಡ್ಡು ಕಟ್ಟುವವರೆಗೆ ಹೆಸರು ಮುಚ್ಚಿಡುತ್ತಾರೆ. ರೂಮು ಖಾಲಿ ಉಳಿಯಬಾರದು, ಆದರೆ ತಮ್ಮ ಹೆಸರಿನ ಪಕ್ಕ ಕಡಿಮೆ ರೇಟೂ ಕಾಣಬಾರದು ಎಂಬುದು ಹೋಟೆಲಿನವರ ಲೆಕ್ಕ.

ಮೊದಲು ಅದೇ ಏರಿಯಾದ, ಅಷ್ಟೇ ಸ್ಟಾರ್ ಇರುವ ಬೇರೆ ಹೋಟೆಲುಗಳ ರೇಟು ನೋಡಿ ಬರೆದಿಟ್ಟುಕೊಳ್ಳಿ. ರೆಸಾರ್ಟ್ ಫೀಯಂಥ ಕಡ್ಡಾಯ ಶುಲ್ಕವನ್ನು ಮೊದಲೇ ಸೇರಿಸಿ ತೋರಿಸಬೇಕು ಎಂಬ ನಿಯಮ 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಜಾರಿಯಲ್ಲಿದೆ. ಸರ್ಕಾರದ ತೆರಿಗೆ ಮಾತ್ರ ಆಮೇಲೆ ಸೇರಬಹುದು. ಹಾಗಾಗಿ ದುಡ್ಡು ಕಟ್ಟುವ ಪುಟದ ಮೊತ್ತವನ್ನೇ ಹೋಲಿಸಿ. ವ್ಯತ್ಯಾಸ ನೂರಕ್ಕೆ ಹತ್ತೂ ಇಲ್ಲದಿದ್ದರೆ ಹೆಸರು ಗೊತ್ತಿರುವ, ಕ್ಯಾನ್ಸಲ್ ಮಾಡಬಹುದಾದ ರೂಮೇ ವಾಸಿ ಅಂತ ನನ್ನ ಅಭಿಪ್ರಾಯ.

ಆಮೇಲೆ ಏರಿಯಾ. ನಕಾಶೆಯಲ್ಲಿ ಗುರುತು ಹಾಕಿದ ಜಾಗದೊಳಗೆ ಹೋಟೆಲ್ ಎಲ್ಲಿ ಬೇಕಾದರೂ ಇರಬಹುದು. ಕಾರು ಇಲ್ಲದವರು ಚಿಕ್ಕ ಏರಿಯಾವನ್ನೇ ಆರಿಸಬೇಕು. ಸ್ಟಾರ್‌ಗಿಂತ ಉಳಿದು ಹೋದವರು ಕೊಟ್ಟ ಅಂಕ ಜಾಸ್ತಿ ನಂಬಿಕೆಗೆ ಅರ್ಹ. ಆ ಅಂಕ, ಈಜುಕೊಳ, ಪಾರ್ಕಿಂಗ್ ಇತ್ಯಾದಿ ವಿವರಗಳನ್ನು ಬರೆದಿಟ್ಟ ಪಟ್ಟಿಗೆ ತಾಳೆ ಹಾಕಿದರೆ ಹೋಟೆಲ್ ಯಾವುದಿರಬಹುದು ಎಂದು ಎಷ್ಟೋ ಸಲ ಊಹಿಸಬಹುದು.

ಎರಡು ಮಂಚ ಬೇಕು, ಒಂದೇ ರೂಮಿನಲ್ಲಿ ನಾಲ್ವರು ಎನ್ನುವವರಿಗೆ ಇದು ಬೇಡ. ಬೇಕಾದ ಮಂಚವೇ ಸಿಗುತ್ತದೆ ಎಂಬ ಖಾತ್ರಿ ಸಾಮಾನ್ಯವಾಗಿ ಇರುವುದಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ರೂಮಿನಲ್ಲೇ ಊಟ ಮಾಡುವವರೂ ಫ್ರಿಜ್, ಮೈಕ್ರೋವೇವ್ ಇದೆಯೇ ಎಂದು ವಿವರದಲ್ಲಿ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಈ ರೂಮುಗಳಿಗೆ ಕೊಟ್ಟ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ತಾರೀಖು ಬದಲಿಸಲೂ ಆಗುವುದಿಲ್ಲ. ವೀಸಾ ಕೈಗೆ ಬರುವ ಮೊದಲು, ಮಗನಿಗೆ ರಜೆ ಖಾಯಂ ಆಗುವ ಮೊದಲು ಬಟನ್ ಒತ್ತಲೇಬೇಡಿ.

ಇಲ್ಲಿಂದಲೇ ಬುಕ್ ಮಾಡುವವರು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿಕೊಳ್ಳಬೇಕು. ಡಾಲರ್ ವಹಿವಾಟಿಗೆ ಬ್ಯಾಂಕು ಎಷ್ಟು ಹಿಡಿಯುತ್ತದೆ ಎಂದೂ ಕೇಳಿ. ಅದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಉಳಿತಾಯ ಕಾಗದದ ಮೇಲಷ್ಟೇ, ಅಲ್ವಾ? ಇನ್ನು ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರೇ ಕೌಂಟರಿಗೆ ಹೋಗಬೇಕು. ಗುರುತಿನ ಚೀಟಿ ಜೊತೆ ಡಿಪಾಸಿಟ್‌ಗಾಗಿ ಅವರದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಮಗ ಜೊತೆಗೆ ಬರುವುದಾದರೆ ಅವನ ಹೆಸರಿನಲ್ಲೇ ಮಾಡಿಸಿ.