ಹತ್ತು ಸೆಕೆಂಡ್ ತಪ್ಪಿದರೆ ಊರೇ ಜರುಗುತ್ತದೆ: ತಂತಿ, ರೇಡಿಯೊ ಬಳಸಿ ರೇಖಾಂಶ ಹಿಡಿಯುವುದು ಹೇಗೆ?

ಹಳೆಯ ಸರ್ವೆ ನಕಾಶೆಗಳಲ್ಲಿ ಮದ್ರಾಸು ನಿಜವಾದ ಜಾಗಕ್ಕಿಂತ ಸುಮಾರು ನಾಲ್ಕೂವರೆ ಕಿಲೋಮೀಟರ್ ಪೂರ್ವಕ್ಕಿತ್ತು. ಕರಾವಳಿಯೂ ಜೊತೆಗೇ ಜರುಗಿದ್ದರಿಂದ ಬರಿಗಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಅಲ್ಲಿನ ವೀಕ್ಷಣಾಲಯದವರು ಗುರುವಿನ ಚಂದ್ರರ ಗ್ರಹಣ ನೋಡಿ ರೇಖಾಂಶ ಲೆಕ್ಕ ಹಾಕುತ್ತಿದ್ದ ಕಾಲ ಅದು. ಗಡಿಯಾರದ ಲೆಕ್ಕದಲ್ಲಿ ತಪ್ಪಿದ್ದು ಹತ್ತು ಸೆಕೆಂಡ್, ಅಷ್ಟೇ. ತಂತಿ (ಟೆಲಿಗ್ರಾಫ್) ಬಂದ ಮೇಲೆ ತಪ್ಪು ಸಿಕ್ಕಿಬಿತ್ತು.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ಎರಡು ಊರುಗಳ ಸ್ಥಳೀಯ ಸಮಯದ ವ್ಯತ್ಯಾಸವೇ ರೇಖಾಂಶದ ವ್ಯತ್ಯಾಸ. ಮದ್ರಾಸಿನ ಉತ್ತರ-ದಕ್ಷಿಣ ಗೆರೆ ದಾಟಿದ ನಕ್ಷತ್ರ ಬೆಂಗಳೂರಿನ ಗೆರೆ ದಾಟುವುದು ಹತ್ತು ನಿಮಿಷ ನಲವತ್ತು ಸೆಕೆಂಡ್ ಆದ ಮೇಲೆ.

ಮೊದಲು ನಿಮ್ಮ ಊರಿನ ಸಮಯ ಹಿಡಿಯಿರಿ. ಇದಕ್ಕೆ ಕಲ್ಲಿನ ಕಂಬದ ಮೇಲೆ ಕೂರಿಸಿದ, ಉತ್ತರ-ದಕ್ಷಿಣಕ್ಕೆ ಮಾತ್ರ ತೂಗುವ ದೂರದರ್ಶಕ ಬೇಕು. ಅದರ ಕಣ್ಣಿನಲ್ಲಿ ಜೇಡರ ಬಲೆಯ ಸಣ್ಣ ಎಳೆಗಳು. ನಕ್ಷತ್ರ ಒಂದೊಂದು ಎಳೆ ದಾಟಿದಾಗಲೂ ಕೀಲಿ ಒತ್ತಿ. ಸುತ್ತುವ ಡ್ರಮ್ಮಿನ ಕಾಗದದಲ್ಲಿ ಗೆರೆ ಚಕ್ಕನೆ ಹಲ್ಲಿನಂತೆ ಏಳುತ್ತದೆ. ಗಡಿಯಾರದ ಟಿಕ್‌ಗಳೂ ಅಲ್ಲೇ ದಾಖಲಾಗುತ್ತವೆ. ಆ ನಕ್ಷತ್ರ ಎಷ್ಟು ಹೊತ್ತಿಗೆ ದಾಟಬೇಕಿತ್ತು ಎಂಬುದು ನಕ್ಷತ್ರಗಳ ಪಟ್ಟಿಯಲ್ಲಿದೆ. ಗಡಿಯಾರ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ತಿಳಿಯಿತು, ಅಲ್ವಾ?

ಈಗ ತಂತಿ. ಮದ್ರಾಸಿನಿಂದ ಸರಿಯಾಗಿ 8 ಗಂಟೆಗೆ ಸಂಕೇತ ಹೊರಟಿತು ಎನ್ನಿ. ದಾರಿಯಲ್ಲಿ 0.1 ಸೆಕೆಂಡ್ ತಡವಾದರೆ ವ್ಯತ್ಯಾಸ ಅಷ್ಟು ಕಡಿಮೆ ಕಾಣುತ್ತದೆ. ಬೆಂಗಳೂರಿನಿಂದ ತಿರುಗಿ ಕಳಿಸಿದರೆ ಅಷ್ಟೇ ಜಾಸ್ತಿ ಕಾಣುತ್ತದೆ. ಎರಡರ ಸರಾಸರಿ ತೆಗೆಯಿರಿ, ತಡ ಮಾಯ.

ಮನುಷ್ಯನ ತಡ ಮಾತ್ರ ಹಾಗೆ ಹೋಗುವುದಿಲ್ಲ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮ್ಯಾಸ್ಕೆಲಿನ್ ತಮ್ಮ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದರು. ಅವರಿಗಿಂತ ಈತ 0.8 ಸೆಕೆಂಡ್ ತಡವಾಗಿ ನೋಡುತ್ತಿದ್ದನಂತೆ! ಪಾಪ, ಒಬ್ಬೊಬ್ಬರ ಕಣ್ಣು-ಕೈ ಒಂದೊಂದು ಥರ ಎಂಬುದು ಆಮೇಲೆ ಗೊತ್ತಾಯಿತು. ಅದಕ್ಕೇ ಅರ್ಧ ಕೆಲಸ ಮುಗಿದ ಮೇಲೆ ಇಬ್ಬರೂ ವೀಕ್ಷಕರು ಊರು ಅದಲುಬದಲು ಮಾಡಿಕೊಳ್ಳಬೇಕು. ಈ ಹಂತ ಬಿಟ್ಟರೆ ಉಳಿದ ಶ್ರಮವೆಲ್ಲ ದಂಡ.

1910ರಿಂದ ಐಫೆಲ್ ಗೋಪುರವೇ ರೇಡಿಯೊದಲ್ಲಿ ಸಮಯ ಕೂಗತೊಡಗಿತು. ರೇಡಿಯೊ ಹೇಳುವುದು ಸೂರ್ಯನ ಲೆಕ್ಕದ ಸಮಯ, ನೀವು ಗಡಿಯಾರ ತಾಳೆ ನೋಡಿದ್ದು ನಕ್ಷತ್ರದ ಜೊತೆ. ಅದನ್ನು ಮೊದಲು ನಕ್ಷತ್ರದ ಲೆಕ್ಕಕ್ಕೆ ತಿರುಗಿಸಿಕೊಳ್ಳಿ, ಮರೆಯಬೇಡಿ. ಆಮೇಲೆ ನಿಮಿಷಕ್ಕೆ 61 ಟಿಕ್ ಕಳಿಸುವ ಉಪಾಯವೂ ಬಂತು. ಟ್ರಾಫಿಕ್ ಸಿಗ್ನಲ್‌ನಲ್ಲಿ ಮುಂದಿನ ಕಾರಿನ ಇಂಡಿಕೇಟರೂ ನಿಮ್ಮದೂ ಸ್ವಲ್ಪ ಹೊತ್ತು ಬೇರೆಬೇರೆಯಾಗಿ ಮಿನುಗಿ, ಒಮ್ಮೆ ಒಟ್ಟಿಗೆ ಮಿನುಗುತ್ತವಲ್ಲ, ಹಾಗೇ. ಗಡಿಯಾರದ ಟಿಕ್ಕೂ ರೇಡಿಯೊ ಟಿಕ್ಕೂ ಎಷ್ಟನೆಯ ಸಲಕ್ಕೆ ಒಂದಾದವು ಎಂದು ಎಣಿಸಿದರೆ ಸೆಕೆಂಡಿನ ಅರವತ್ತನೇ ಒಂದು ಭಾಗ ಸಿಗುತ್ತದೆ. ಬೆಂಗಳೂರಿನ ನೆಲದ ಮೇಲೆ ಅದು ಏಳೂವರೆ ಮೀಟರ್: 30-40 ಸೈಟಿನ ಅಗಲಕ್ಕಿಂತಲೂ ಕಡಿಮೆ.