ಎಂಡಿ ಟೇಬಲ್‌ಗೆ ಅರ್ಧ ಪುಟದ ಚೀಟಿ: ನನ್ನ ಅನುಭವ

ನಾನು ಒಂದು ಕಂಪನಿಯ ಎಂಡಿಗೆ (ಮ್ಯಾನೇಜಿಂಗ್ ಡೈರೆಕ್ಟರ್) ಇಎ, ಅಂದರೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್. "ಇಎ ಆದವಳು ಎಂಡಿಗೆ ಅಭಿಪ್ರಾಯ ಹೇಳೋದಾ?" ಅಂತ ನಮ್ಮ ಆಫೀಸಿನಲ್ಲೇ ನಕ್ಕವರಿದ್ದಾರೆ. ಈಗ ಅವರೇ ಫೈಲ್ ಒಳಗೆ ಕಳಿಸುವ ಮುಂಚೆ "ಮೇಡಂ, ಇದಕ್ಕೆ ಸರ್ ಒಪ್ತಾರಾ?" ಅಂತ ಕೇಳುತ್ತಾರೆ. ಈ ಕೆಲಸದ ಕ್ಯಾಲೆಂಡರ್, ಟಿಕೆಟ್, ಮಿನಿಟ್ಸ್ (ಮೀಟಿಂಗ್ ಟಿಪ್ಪಣಿ) ಎಲ್ಲ ನಿಮಗೂ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಮ್ಮದು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿ. ಮೊದಲ ವರ್ಷ ಬಣ್ಣಬಣ್ಣದ ಕ್ಯಾಲೆಂಡರ್ ಮಾಡಿದೆ. ಸರ್ ತೆರೆದೂ ನೋಡಲಿಲ್ಲ. ಆಮೇಲೆ ವಾರಕ್ಕೊಂದು ರಿಪೋರ್ಟ್, ಮೂರ್ನಾಲ್ಕು ಪುಟ. ಅದರ ಹಿಂಬದಿಯಲ್ಲಿ ಯಾರದೋ ಫೋನ್ ನಂಬರ್ ಬರೆದುಕೊಂಡರು! ಬಾಗಿಲು ಕಾಯುವುದನ್ನೂ ನೋಡಿದ್ದಾಯಿತು. ಯಾರನ್ನೂ ಸುಮ್ನೆ ಒಳಗೆ ಬಿಡುತ್ತಿರಲಿಲ್ಲ. ಡಿಪಾರ್ಟ್‌ಮೆಂಟ್ ಹೆಡ್‌ಗಳು ಸೀದಾ ಸರ್ ಮೊಬೈಲ್‌ಗೇ ಫೋನ್ ಮಾಡತೊಡಗಿದರು. ನನಗೆ ಯಾವ ಸುದ್ದಿಯೂ ಬರದಂತಾಯಿತು. ಬಾಗಿಲು ಕಾಯುವವರಿಗೆ ಒಳಗಿನದೂ ಗೊತ್ತಾಗಲ್ಲ, ಹೊರಗಿನದೂ ಗೊತ್ತಾಗಲ್ಲ.

ಕೈಹಿಡಿದದ್ದು ಅರ್ಧ ಪುಟದ ಚೀಟಿ. ಬೆಳಿಗ್ಗೆ ಸರ್ ಬರುವ ಮುಂಚೆ ಟೇಬಲ್ ಮೇಲಿರಬೇಕು. ಐದಕ್ಕಿಂತ ಜಾಸ್ತಿ ವಿಷಯ ಬೇಡ. ಏನು ನಿಂತಿದೆ, ಯಾವಾಗಿನಿಂದ, ಇನ್ನೂ ತಡವಾದರೆ ಎಷ್ಟು ದುಡ್ಡು ಹೋಗುತ್ತದೆ, ಕೊನೆಗೆ ನನ್ನ ಅಭಿಪ್ರಾಯ ಒಂದು ಸಾಲು. ಎಚ್‌ಆರ್‌ನವರು ಬೇಡ ಎಂದದ್ದು ಆ ಕೊನೆಯ ಸಾಲನ್ನೇ. ಅದಿಲ್ಲದಿದ್ದರೆ ಅದು ಬರೀ ಪಟ್ಟಿ ಅಲ್ವಾ? ಸರ್ ಪಕ್ಕದಲ್ಲಿ "ಸರಿ" ಎಂದು ಗೀಚುತ್ತಿದ್ದರು, ಇಲ್ಲವೇ ಅಡ್ಡ ಗೆರೆ ಎಳೆಯುತ್ತಿದ್ದರು. ಗೆರೆ ಎಳೆದಾಗ ಕಾರಣ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನಾಲ್ಕೈದು ತಿಂಗಳಿಗೆ ಅವರ ಮನಸ್ಸು ಓಡುವ ದಾರಿ ಸಿಕ್ಕಿತು. ಮೆಷಿನ್ ಖರೀದಿಗೆ ಮೂರನೇ ಕೊಟೇಶನ್ ಇಲ್ಲದೆ ಸಹಿ ಬೀಳಲ್ಲ. ಆಯುಧ ಪೂಜೆ ಹತ್ತಿರ ಬಂದಾಗ ಓವರ್‌ಟೈಮ್ ಕಡಿತದ ಮಾತೇ ಎತ್ತಬಾರದು.

ನಿಜವಾಗಿ ನನ್ನ ಬೆಲೆ ಏರಿದ್ದು ಒಂದು ಫೆಬ್ರವರಿಯಲ್ಲಿ. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ನಿಮಗೆ ಗೊತ್ತಿರಬಹುದು. ಸಣ್ಣ ಕಾರ್ಖಾನೆಯವರ ಬಿಲ್ಲಿಗೆ 45 ದಿನದ ಮಿತಿ, ಲಿಖಿತ ಒಪ್ಪಂದ ಇಲ್ಲದಿದ್ದರೆ 15. ಅದನ್ನು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷ ಅದನ್ನು ಖರ್ಚೆಂದು ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಸಿಎಫ್‌ಒಗೆ (ಹಣಕಾಸು ಮುಖ್ಯಸ್ಥರು) ರೂಲು ಗೊತ್ತಿತ್ತು. ಬಿಲ್‌ಗಳು ಎಲ್ಲಿ ಕೂತಿವೆ ಎಂಬುದು ಗೊತ್ತಿರಲಿಲ್ಲ. ಸರ್ ಸಹಿಗೆ ಕಾಯುತ್ತಾ ನನ್ನ ಪಕ್ಕದ ಟ್ರೇನಲ್ಲೇ ಇದ್ದವು. ಎಲ್ಲ ಸೇರಿ 40 ಲಕ್ಷದ ಆಸುಪಾಸು. ಆ ವರ್ಷ ಹೆಚ್ಚಿಗೆ ಬೀಳಬಹುದಾಗಿದ್ದ ತೆರಿಗೆ ಸುಮಾರು 10 ಲಕ್ಷ. ಚೀಟಿಯ ಮೊದಲ ಸಾಲಿಗೆ ಅದನ್ನೇ ಹಾಕಿದೆ. ಸಂಜೆಯೊಳಗೆ ಟ್ರೇ ಖಾಲಿ. ಮಾರನೇ ದಿನದಿಂದ ಅಕೌಂಟ್ಸ್‌ನವರು ಕೇಳದೆಯೇ ಲೆಕ್ಕ ಕಳಿಸತೊಡಗಿದರು.

ಬೋರ್ಡ್ ಮೀಟಿಂಗ್‌ಗಳ ನಡುವೆ 120 ದಿನ ದಾಟಬಾರದು ಅಲ್ವಾ? ಹಾಗಾಗಿ ವರ್ಷದ ನಾಲ್ಕೂ ಮೀಟಿಂಗ್ ದಿನಾಂಕಗಳನ್ನು ಏಪ್ರಿಲ್‌ನಲ್ಲೇ ಹಿಡಿಸಿದೆ. ಹೊರ ಊರಿನ ಡೈರೆಕ್ಟರ್‌ಗಳ ವಿಮಾನ ಟಿಕೆಟ್‌ನಲ್ಲೇ ಲಕ್ಷದ ಹತ್ತಿರ ಉಳಿಯಿತು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಅರ್ಧ ಗಂಟೆಯ ಮೀಟಿಂಗ್‌ಗಳನ್ನು 25 ನಿಮಿಷಕ್ಕೆ ಇಳಿಸಿದೆ. ಎಲ್ಲವೂ ಅರ್ಧ ಗಂಟೆಯೇ ನಡೆದವು. ಏರ್‌ಪೋರ್ಟ್‌ಗೆ ಹೋಗುವಾಗ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸರ್ ಖಾಲಿ ಇರುತ್ತಾರೆ ಅಂತ ವಾಯ್ಸ್ ನೋಟ್ ಕಳಿಸಿದೆ. ಕಾರಿನಲ್ಲಿ ಕಸ್ಟಮರ್ ಕಡೆಯವರೊಬ್ಬರು ಕೂತಿದ್ದರಂತೆ, ಅದನ್ನು ಅಲ್ಲಿಗೇ ಬಿಟ್ಟೆ. ಮಧ್ಯಾಹ್ನ ಊಟದ ನಂತರ ಕೇಳಿದ್ದಕ್ಕೆಲ್ಲ ಸರ್ "ನೋಡೋಣ" ಎನ್ನುತ್ತಾರೆ. ಇದನ್ನು ಮಾತ್ರ ತಿಂಗಳುಗಟ್ಟಲೆ ಗುರುತು ಹಾಕಿ ನೋಡಿದ್ದೇನೆ.

ಚೀಟಿಯಲ್ಲಿ ಯಾವ ವಿಷಯವನ್ನು ಎಷ್ಟನೆಯದಾಗಿ ಇಡುತ್ತೇನೆ ಅಂತ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ. ಸರ್ ಮೂಡ್ ಲಿಫ್ಟ್ ಹತ್ತುವ ಮುಂಚೆಯೇ ನನಗೆ ಹೇಗೆ ಗೊತ್ತಾಗುತ್ತದೆ ಎಂಬುದೂ ಅಷ್ಟೇ.

ಆ ವರ್ಷ ಎಚ್‌ಆರ್ ನನಗೆ ಬರೆದಿದ್ದ ಇಂಕ್ರಿಮೆಂಟ್ ಶೇಕಡಾ 8. ಆ ಫೈಲನ್ನು ಚೀಟಿಗೆ ಸೇರಿಸಲಿಲ್ಲ. ನಕ್ಕಿದ್ದ ಎಚ್‌ಆರ್ ಮ್ಯಾನೇಜರ್ ಕೈಯಲ್ಲೇ ಒಳಗೆ ಕಳಿಸಿದೆ. ಹೊರಗೆ ಬಂದಾಗ ಅದು 18ರ ಹತ್ತಿರ ಆಗಿತ್ತು.