ಸ್ಪ್ಯಾನಿಷ್ ಬರ್ದೇ ಇದ್ರೂ ಮೆಕ್ಸಿಕೊದ ರ್ಯಾಪ್-ರಾಕ್ ಕೇಳೋದು ಹೇಗೆ

ಮೊದ್ಲು ಲಿರಿಕ್ಸ್ ಟ್ರಾನ್ಸ್‌ಲೇಷನ್ ಹುಡುಕೋಕೆ ಹೋಗ್ಬೇಡಿ, ಅರ್ಥದ ಹಿಂದೆ ಓಡಿದ್ರೆ ತಾಳ ಕೈ ತಪ್ಪತ್ತೆ.

ಶುರು ಮಾಡೋಕೆ ಕಂಟ್ರೋಲ್ ಮಚೇತೆ ಅನ್ನೋ ರ್ಯಾಪ್ ಗುಂಪು ಸರಿ. ಮಚೇತೆ ಅಂದ್ರೆ ನಮ್ಮ ಮಚ್ಚೇ. ಉತ್ತರ ಮೆಕ್ಸಿಕೊದ ಮೊಂತೆರೇ ಊರಿನ ಮೂರು ಜನ, ಫೆರ್ಮಿನ್ ಮತ್ತೆ ಪಾತೊ ರ್ಯಾಪ್ ಮಾಡ್ತಿದ್ರು, ಬೀಟ್ಸ್ ತೋಯ್ ಅವ್ರದ್ದು. 1996ರ ಮೊದಲ್ನೇ ಆಲ್ಬಮ್ ಮೂಚೊ ಬರಾತೊ, ಹಂಗಂದ್ರೆ ತುಂಬಾ ಚೀಪು ಅಂತ. ಬೀಟ್ ನಿಧಾನ, ಭಾರ, ಹಾಗಾಗಿ ಒಂದೊಂದು ಅಕ್ಷರಾನೂ ಬಿಡಿಬಿಡಿಯಾಗಿ ಕಿವಿಗೆ ಬೀಳತ್ತೆ, ಹೊಸಬರಿಗೆ ಅದೇ ಬೇಕಾಗಿರೋದು. ಅಮೋರೆಸ್ ಪೆರ್ರೋಸ್ ಸಿನಿಮಾ ನೋಡಿದ್ರೆ ಇವ್ರನ್ನ ಆಗ್ಲೇ ಕೇಳಿರ್ತೀರ.

ಎರಡು ಸಲ ಕೇಳಿದ್ಮೇಲೆ ಜೊತೆಗೆ ಬಾಯಿ ಬಿಟ್ಟು ಹೇಳಿ. ಇಲ್ಲಿ ಕನ್ನಡದವ್ರಿಗೆ ನಿಜವಾಗ್ಲೂ ಲಾಭ ಇದೆ, ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಥರಾನೇ ಹಲ್ಲಿಗೆ ನಾಲಿಗೆ ತಾಗ್ಸಿ ಹೇಳೋದು, ಇಂಗ್ಲಿಷ್‌ನ ಟ, ಡ ಮರ್ತುಬಿಡಿ. ಬರ್ದಿರೋದನ್ನ ನೋಡಿ ಓದೋದಾದ್ರೆ ಇಷ್ಟು ನೆನಪಿಟ್ಕೊಳ್ಳಿ: ಜೆ ಇದ್ರೆ ಹ, ಎಚ್ ಒಂದೇ ಇದ್ರೆ ಸುಮ್ನೆ ಬಿಟ್ಟು ಮುಂದೆ ಹೋಗಿ (ಸಿ ಜೊತೆ ಎಚ್ ಬಂದ್ರೆ ಮಾತ್ರ ಚ), ಎರಡು ಎಲ್ ಬಂದ್ರೆ ಯ, ತಲೆ ಮೇಲೆ ಅಲೆ ಇರೋ ಎನ್ ಬಂದ್ರೆ ನ್ಯ. ಎಕ್ಸ್ ಹಾಕಿ ಬರೆದ್ರೂ ಅವ್ರ ದೇಶನ ಅವ್ರು ಕರಿಯೋದು ಮೆಹಿಕೊ ಅಂತ.

ಆಮೇಲೆ ಮೊಲೊತೋವ್, ಮೆಕ್ಸಿಕೊ ಸಿಟಿ ಬ್ಯಾಂಡು. ಇಲ್ಲಿ ರಾಕ್ ಜಾಸ್ತಿ. ಇವ್ರನ್ನ ದಯವಿಟ್ಟು ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಯಾಕಂದ್ರೆ ಈ ಬ್ಯಾಂಡಲ್ಲಿ ಬೇಸ್ ಗಿಟಾರ್ ಒಂದಲ್ಲ ಎರಡು, ಮಿಕಿ ಒಂದು, ಪಾಕೊ ಒಂದು, ಫೋನಲ್ಲಿ ಆ ಗುಡುಗೆಲ್ಲ ಮಾಯ ಆಗಿ ಬರೀ ಕೂಗಾಟ ಉಳಿಯತ್ತೆ. ಹೆಡ್‌ಫೋನ್ ಹಾಕಿ ಮೊದ್ಲು ಬೇಸ್ ಹಿಡೀರಿ, ಮಾತು ಅದರ ಮೇಲೆ ಎಲ್ಲಿ ಬಂದು ಕೂರತ್ತೆ ನೋಡಿ. 1997ರ ಮೊದಲ್ನೇ ಆಲ್ಬಮ್ಮನ್ನ ಕೆಲವು ದೊಡ್ಡ ಅಂಗಡಿಗಳು ಮಾರಲ್ಲ ಅಂದಾಗ ಬ್ಯಾಂಡಿನವ್ರೇ ಬೀದಿಗಿಳಿದು ಮಾರಿದ್ರು. ಬೈಗುಳ ಧಾರಾಳ, ಮನೇಲಿ ಮಕ್ಕಳಿದ್ರೆ ಹೆಡ್‌ಫೋನ್ ತೆಗೀಬೇಡಿ.

ಅರ್ಥ ಹುಡುಕೋದಾದ್ರೆ ಈಗ ಹುಡುಕಿ, ಮೊಲೊತೋವ್ ಅವ್ರದ್ದೇ 2003ರ ಹಾಡು ಫ್ರಿಹೊಲೇರೊ ಇಂದ ಶುರು ಮಾಡಿ. ಬೀನ್ಸ್ ತಿನ್ನೋನು ಅಂತ ಮೆಕ್ಸಿಕೊದವ್ರನ್ನ ಅಮೆರಿಕಾದಲ್ಲಿ ಹೀಯಾಳಿಸ್ತಾರಲ್ಲ, ಅದಕ್ಕೆ ಕೊಟ್ಟ ಉತ್ತರ ಇದು. ಸ್ಪ್ಯಾನಿಷ್ ಇಂಗ್ಲಿಷ್ ಎರಡೂ ಇರೋದ್ರಿಂದ ಅರ್ಧ ಹಾಡು ಡಿಕ್ಷನರಿ ಇಲ್ದೇನೇ ಸಿಗತ್ತೆ, ಬ್ಯಾಂಡಿನ ಡ್ರಮ್ಮರ್ ರ್ಯಾಂಡಿ ಸ್ವತಃ ಅಮೆರಿಕಾದವ್ರು ಅನ್ನೋದು ಗೊತ್ತಿದ್ದು ಇನ್ನೊಂದ್ಸಲ ಕೇಳಿ ನೋಡಿ.